ಪಂಚಾಯ್ತಿ ಗೋಡೆ ಮೇಲೆ ಅಪ್ಪನ ಹೆಸರು

2024ರ ದೀಪಾವಳಿಗೆ ನಾವೆಲ್ಲ ತೀರ್ಥಹಳ್ಳಿ ಕಡೆಯ ತವರುಮನೆಯಲ್ಲಿ ಸೇರಿದ್ದೆವು. ಅಂಟಿಗೆ ಪಂಟಿಗೆಯವರು ಬಂದು ಹಾಡಿ, ದೀಪಕ್ಕೆ ಎಣ್ಣೆ ಹಾಕಿಸಿಕೊಂಡು ಮುಂದಿನ ಮನೆಗೆ ಹೋದರು. ಅವರ ಹಾಡು ತೋಟದ ಆಚೆ ಇನ್ನೂ ಕೇಳಿಸುತ್ತಿರುವಾಗಲೇ ಜಗುಲಿಯಲ್ಲಿ ಜಗಳ ಶುರುವಾಯಿತು. ತಮ್ಮನದು ಒಂದು ಪಕ್ಷ, ನಮ್ಮ ಮನೆಯವರದು ಇನ್ನೊಂದು. ನಾನು ಎರಡಕ್ಕೂ ಬೈಯುವವಳು. ಯಾರು ಎಷ್ಟು ತಿಂದರು, ಯಾರು ಯಾರಿಗೆ ಪುಕ್ಕಟೆ ಕೊಟ್ಟರು, ಯಾರ ದುಡ್ಡಲ್ಲಿ ಕೊಟ್ಟರು. ನನ್ನ ಮಾತು ಪ್ರತಿ ಹಬ್ಬಕ್ಕೂ ಒಂದೇ: "ತೆರಿಗೆ ಕಟ್ಟೋರು ನಾವು. ನಮ್ಮನ್ನ ಕೇಳೋರು ಯಾರೂ ಇಲ್ಲ."

ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಮಾತು ಸ್ವಲ್ಪ ತಣ್ಣಗಾಗುವವರೆಗೆ ಕಾದರು.

"ನಿಮ್ಮಪ್ಪನ ಹೆಸರು ಪಂಚಾಯ್ತಿ ಗೋಡೆ ಮೇಲೆ ಅಂಟಿಸಿದಾರೆ. ಮನೆ ಕಂದಾಯ ಬಾಕಿ ಅಂತ. ಡೈರಿಗೆ ಹಾಲು ಹಾಕಕ್ಕೆ ಹೋದಾಗ ನೋಡಿದೆ" ಎಂದರು.

ಯಾರೂ ಮಾತಾಡಲಿಲ್ಲ.

ಅಪ್ಪ ತೀರಿಕೊಂಡಿದ್ದು 2017ರಲ್ಲಿ. ಊರಿನ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣದ ಸಾಲವನ್ನೂ ಉಳಿಸಿಕೊಂಡವರಲ್ಲ. ಅಂಥವರ ಹೆಸರು ಏಳು ವರ್ಷದ ಮೇಲೆ ಬಾಕಿದಾರರ ಪಟ್ಟಿಯಲ್ಲಿ, ಹೋಗಿ ಬರುವವರೆಲ್ಲ ಓದುವ ಹಾಗೆ. ಖಾತೆ ಅವರ ಹೆಸರಲ್ಲೇ ಉಳಿದಿತ್ತು, ಹಾಗಾಗಿ ಬಾಕಿಯೂ ಅವರದೇ ಆಗಿತ್ತು. ಬಿಲ್ ಕಲೆಕ್ಟರ್ ಮೂರು ಸಲ ಬಂದಿದ್ದನಂತೆ. ಒಂದು ಸಲ ನನ್ನ ತಮ್ಮ ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದ. ಇನ್ನೊಂದು ಸಲ ಅಮ್ಮ ಒಬ್ಬರೇ ಇದ್ದರು. ಅಕ್ಕ ಬ್ಯಾಂಕಿನಲ್ಲಿರುವವಳು, ಅವಳು ಕಟ್ಟಿರುತ್ತಾಳೆ ಎಂದು ತಮ್ಮ ಅಂದುಕೊಂಡಿದ್ದ. ಮನೆಯಲ್ಲಿರುವವನು ಅವನಲ್ವಾ, ಅವನು ಕಟ್ಟಿರುತ್ತಾನೆ ಎಂದು ನಾನು ಅಂದುಕೊಂಡಿದ್ದೆ.

ಬೆಳಿಗ್ಗೆ ಎದ್ದು ಅಪ್ಪನ ಟ್ರಂಕ್ ತೆಗೆದೆ. ರಸೀದಿಗಳನ್ನೆಲ್ಲ ಒಂದು ದಪ್ಪ ತಂತಿಗೆ ಚುಚ್ಚಿ ಇಟ್ಟಿದ್ದರು. ತಳದಲ್ಲಿ 'ಮಂಡಲ ಪಂಚಾಯ್ತಿ' ಎಂದು ಅಚ್ಚಾದ ಹಳದಿ ಕಾಗದಗಳು, ಅವುಗಳ ಮೇಲೆ ಗ್ರಾಮ ಪಂಚಾಯ್ತಿಯವು, ಒಂದು ವರ್ಷವೂ ಬಿಡದೆ. ಎಲ್ಲಕ್ಕಿಂತ ಮೇಲಿನದು 2016-17ರದು. ಅದರ ಮೇಲೆ ತಂತಿ ಖಾಲಿ.

ಹಾಗಂತ ನನ್ನ ಸಿಟ್ಟು ಸುಳ್ಳಾಗಿರಲಿಲ್ಲ. ಅದನ್ನೂ ಹೇಳಬೇಕು. ನಾನು ಶಿವಮೊಗ್ಗದಲ್ಲಿ ಕೆಲಸ ಮಾಡುತ್ತೇನೆ. 2023-24ರಲ್ಲಿ ನನ್ನ ಸಂಬಳದಿಂದ 62 ಸಾವಿರ ರೂಪಾಯಿಯಷ್ಟು ಆದಾಯ ತೆರಿಗೆ ಹಿಡಿದಿದ್ದರು. ಸಂಬಳ ಕೈಗೆ ಬರುವ ಮೊದಲೇ ಹೋಗುವ ದುಡ್ಡು ಅದು. ಉಳಿದದ್ದರಲ್ಲಿ ಮಗಳ ಕಾಲೇಜು ಫೀಸು, ಮನೆ ಸಾಲ, ಅತ್ತೆಯವರ ಔಷಧಿ. ಬೀದಿಯಲ್ಲಿ ಏನಾದರೂ ಕೆಟ್ಟರೆ ಹೇಳಿಕೊಳ್ಳಲು ಕಾರ್ಪೊರೇಟರ್ ಕೂಡ ಇರಲಿಲ್ಲ. ಶಿವಮೊಗ್ಗದ 35 ವಾರ್ಡುಗಳಿಗೆ 2018ರಲ್ಲಿ ಆಯ್ಕೆಯಾದವರ ಅವಧಿ 2023ರ ಕೊನೆಗೆ ಮುಗಿಯಿತು. ಮತ್ತೆ ಚುನಾವಣೆಯೇ ಆಗಿರಲಿಲ್ಲ. ಪಕ್ಷಗಳವರು ಮಾತ್ರ ದಿನಾ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ನಿನ್ನೆ ಇವರ ವೇದಿಕೆಯಲ್ಲಿದ್ದವರು ಇವತ್ತು ಅವರ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುತ್ತಿದ್ದರು. ಗೃಹಲಕ್ಷ್ಮಿಯ 2,000 ನನಗೆ ಬರುವುದಿಲ್ಲ, ಆದಾಯ ತೆರಿಗೆ ಕಟ್ಟುವವರ ಮನೆಗೆ ಅದು ಇಲ್ಲ. ಅದಕ್ಕೆ ನನಗೆ ಬೇಜಾರಿಲ್ಲ. ಆದರೆ ಕೊಡು ಎಂದಾಗ ಕೊಡುವವರು, ಲೆಕ್ಕ ಹೇಳಿ ಎಂದಾಗ ಯಾರಿಗೂ ಬೇಡದವರು ನಾವು ಎಂಬ ನೋವು ಇತ್ತು. ಈಗಲೂ ಇದೆ.

ಆ ನೋವು ಇಟ್ಟುಕೊಂಡೇ ನವೆಂಬರ್‌ನಲ್ಲಿ ಒಂದು ದಿನ ರಜೆ ಹಾಕಿ ಹೊರಟೆ. ಶನಿವಾರ ಹೋಗೋಣ ಅಂದರೆ ಎರಡನೇ ಮತ್ತು ನಾಲ್ಕನೇ ಶನಿವಾರ ನಮಗೂ ರಜೆ, ಪಂಚಾಯ್ತಿಗೂ ರಜೆ. ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಮೊತ್ತದ ಟಿಕೆಟ್ ಕೊಟ್ಟರು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿ. ಅಲ್ಲಿಂದ ನಮ್ಮೂರಿನ ಕಡೆಗೆ ಖಾಸಗಿ ಬಸ್ಸು ಮಾತ್ರ. ಇಳಿದು ಹತ್ತಿ ದುಡ್ಡು ಕೊಟ್ಟು ಟಿಕೆಟ್ ತಗೊಂಡೆ. ಮಲೆನಾಡಿನ ಒಳಗಿನ ಹಳ್ಳಿಗಳ ಹೆಂಗಸರಿಗೆ ಶಕ್ತಿ ಯೋಜನೆ ಅರ್ಧ ದಾರಿಗೇ ನಿಲ್ಲುತ್ತದೆ. ಇದನ್ನು ಯಾವ ಪಕ್ಷದವರೂ ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿಲ್ಲ.

ಪಟ್ಟಿಯಲ್ಲಿ ಅಪ್ಪನ ಹೆಸರು ಎರಡನೇ ಹಾಳೆಯಲ್ಲಿತ್ತು. ಅಂಟು ಬಿಟ್ಟು ಹಾಳೆಯ ಒಂದು ಮೂಲೆ ಗಾಳಿಗೆ ಪಟಪಟ ಅನ್ನುತ್ತಿತ್ತು. ಆ ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಓದಿದೆ. ಹೆಸರಿನ ಮುಂದೆ 'ದಿವಂಗತ' ಎಂದೂ ಇರಲಿಲ್ಲ.

ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ತಾಲೂಕು ಪಂಚಾಯ್ತಿ ಮೀಟಿಂಗಿಗೆ ಹೋಗಿದ್ದರು. ಬಿಲ್ ಕಲೆಕ್ಟರ್ ಇದ್ದ, ನಮ್ಮ ತಮ್ಮನಿಗಿಂತ ಚಿಕ್ಕವನು. ಕಂಪ್ಯೂಟರ್‌ನಲ್ಲಿ ಹುಡುಕಿ ಹೇಳಿದ. ವರ್ಷಕ್ಕೆ 603 ರೂಪಾಯಿಯಂತೆ ಎಂಟು ವರ್ಷ, ದಂಡ ಸೇರಿ 5,340.

"ಇಷ್ಟೇನಾ?" ಎಂದೆ.

"ಹಳೇ ಹೆಂಚಿನ ಮನೆ ಅಲ್ವಾ ಅಕ್ಕಾ. 28ಕ್ಕೆ 22 ಅಡಿ. ಅಷ್ಟೇ ಬರೋದು."

ನನ್ನ ಬಾಯಿ ಅಲ್ಲೇ ಕಟ್ಟಿತು. ಆ ಮನೆ ಈಗಿಲ್ಲ. 2014ರಲ್ಲಿ ಅಪ್ಪ, ತಮ್ಮ ಸೇರಿ ಮುಂದಿನ ಭಾಗ ಕೆಡವಿ ಆರ್‌ಸಿಸಿ ಹಾಕಿ ಮಹಡಿ ಎಬ್ಬಿಸಿದರು. ಮೇಲಿನ ಎರಡು ಕೋಣೆ ಬಾಡಿಗೆಗೆ ಇದೆ, ಹೈಸ್ಕೂಲಿನ ಮೇಡಂ ಒಬ್ಬರು, ಆಸ್ಪತ್ರೆಯ ನರ್ಸ್ ಒಬ್ಬರು ಇದ್ದಾರೆ. ಆ ಮಹಡಿಗೆ ನಾನೂ ಸಾಲ ತೆಗೆದು ಕೊಟ್ಟಿದ್ದೆ. ಒಂದು ಚದರ ಅಡಿಯೂ ಪಂಚಾಯ್ತಿ ಪುಸ್ತಕದಲ್ಲಿ ಇಲ್ಲ. ಅಪ್ಪ ಬರೆಸಬೇಕು ಎನ್ನುತ್ತಿದ್ದರು. ಆಮೇಲೆ ಕಾಯಿಲೆ ಬಿದ್ದರು. ನಾವು ಸುಮ್ನೆ ಇದ್ದುಬಿಟ್ಟೆವು.

ಅವತ್ತು ದುಡ್ಡು ಕಟ್ಟದೆ ಹೊರಗೆ ಬಂದೆ. ಸರಿಯಾಗಿ ಬರೆಸಿಯೇ ಕಟ್ಟಬೇಕು ಅನ್ನಿಸಿತ್ತು. ಡೈರಿ ಹತ್ತಿರ ಊರಿನ ಒಬ್ಬರು ಸಿಕ್ಕರು. ಪಂಚಾಯ್ತಿಯಲ್ಲಿ ಅವರ ಕಡೆಯವರದೇ ಮಾತು ನಡೆಯುವುದು. "ಎಂತಕ್ಕೆ ತಂಗೀ ಅದೆಲ್ಲ? ಹಳೇದೇ ಇರ್ಲಿ. ಬಾಕಿನೂ ಅರ್ಧ ಮಾಡ್ಸಿಕೊಡ್ತೀನಿ, ನಮ್ಮ ಮೆಂಬರ್ರೇ ಇರೋದು" ಎಂದರು. ಬಸ್ ಸ್ಟಾಪಿನಲ್ಲಿ ಎದುರು ಪಕ್ಷದವರೊಬ್ಬರು ಸಿಕ್ಕರು. ಅವರಿಗೂ ವಿಷಯ ಹೇಳಿದೆ. "ಕಟ್ಟಬೇಡಿ ಅಕ್ಕಾ. ಕಟ್ಟಿದ್ದೆಲ್ಲ ಅವರೇ ತಿಂತಾರೆ. ಮುಂದಿನ ಸಲ ನಾವು ಬರ್ತೀವಿ, ಆವಾಗ ನೋಡಣ" ಎಂದರು.

ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. 2020ರ ಡಿಸೆಂಬರ್‌ನಲ್ಲಿ ನಡೆದದ್ದೂ ಹಾಗೆಯೇ. ಊರಿನ ಕೆಲಸಕ್ಕೆ ಪಕ್ಷ ಅಡ್ಡ ಬರಬಾರದು ಎಂದೇ ಆ ವ್ಯವಸ್ಥೆ. ಆದರೂ ನಮ್ಮೂರಲ್ಲಿ ಪ್ರತಿ ಮೆಂಬರ್ ಯಾವ ಕಡೆಯವರು ಎಂದು ಸಣ್ಣ ಮಕ್ಕಳಿಗೂ ಗೊತ್ತು. ಒಬ್ಬರ ಮುಖ ಒಬ್ಬರು ನೋಡದ ಆ ಇಬ್ಬರೂ ಅವತ್ತು ನನಗೆ ಹೇಳಿದ್ದು ಒಂದೇ ಮಾತು: ಕಟ್ಟಬೇಡ, ಇಲ್ಲವೇ ಕಡಿಮೆ ಕಟ್ಟು. ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸಿದೆ. ಪೂರ್ತಿ ಕಟ್ಟಿದರೆ ನಾನು ಇಬ್ಬರ ಋಣದಲ್ಲೂ ಇರುವುದಿಲ್ಲ. ಅರ್ಧ ಮಾಡಿಸಿಕೊಂಡರೆ ಆ ಅರ್ಧ ಮಾಡಿಸಿದವರ ಮುಂದೆ ಯಾವ ಬಾಯಲ್ಲಿ ಲೆಕ್ಕ ಕೇಳುವುದು?

ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನು ಕೆರಳಿದ.

"ಪಂಚಾಯ್ತಿ ಎಂತ ಕೊಟ್ಟಿದೆ ಹೇಳು? ನೀರು ನಮ್ಮ ಗುಡ್ಡದ ಅಬ್ಬಿ ನೀರು, ಪೈಪ್ ನಾವೇ ಹಾಕಿದ್ದು. ಮನೆ ತನಕ ದಾರಿಗೆ ಮಣ್ಣು ನಾನೇ ಹೊಡೆಸಿದ್ದು. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಇಲ್ದೆ ಕೂರ್ತೀವಿ. ತೋಟಕ್ಕೆ ಎಲೆಚುಕ್ಕಿ ಬಂದು ಅರ್ಧ ಫಸಲು ಹೋಯ್ತು, ಯಾರು ಬಂದು ನೋಡಿದ್ರು? ನೀನು ಶಿವಮೊಗ್ಗದಲ್ಲಿ ಕೂತು ಹೇಳ್ತೀಯ."

ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಹೇಳಿದ್ದು ಪ್ರತಿಯೊಂದೂ ನಿಜ. ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದು ನಾನು ಎಷ್ಟೋ ಸಲ ಚುಚ್ಚಿದ್ದೇನೆ. ಕ್ವಿಂಟಾಲಿಗೆ ಐವತ್ತು ಸಾವಿರ ಎಂದು ಪೇಪರಿನಲ್ಲಿ ಬಂದ ದಿನ ಚುಚ್ಚಿದ್ದೇನೆ. ರೋಗ ಬಂದು ಗರಿ ಒಣಗಿದ ವರ್ಷ ಅವನ ಕೈಗೆ ಏನು ಬಂತು ಎಂದು ಕೇಳಿದವಳಲ್ಲ.

ಅಮ್ಮನಿಗೆ ಫೋನ್ ಕೊಡು ಎಂದೆ. ಅಮ್ಮ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಇರೋದನ್ನ ಇದ್ದ ಹಾಗೆ ಬರೆಸು. ಕಾಗೋಡಿನ ಕೊಳಗದ ಕಥೆ ನಿಮ್ಮಪ್ಪ ಎಷ್ಟು ಸಲ ಹೇಳಿಲ್ಲ?"

ಅಪ್ಪ ಆ ಕಥೆಯನ್ನು ನಮಗೆ ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದರು. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಿದ್ದು ಅಳತೆಗಾಗಿ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದ್ದಕ್ಕೆ ಜನ ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಆ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಅಪ್ಪನಿಗೆ ರಾಜಕೀಯ ಎಂದರೆ ಅದು. ನಾನು ಮಾತ್ರ ಆ ಕಥೆಯಲ್ಲಿ ನಮ್ಮನ್ನು ಯಾವಾಗಲೂ ಗೇಣಿದಾರರ ಕಡೆ ನಿಲ್ಲಿಸಿಕೊಂಡೇ ಕೇಳಿದ್ದೆ. ನಮ್ಮ ಕೊಳಗದ ಅಳತೆಯೂ ತಪ್ಪಿರಬಹುದು ಎಂದು ಹೊಳೆದಿರಲಿಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ಒಂದು ರಜೆ. ಪಿಡಿಒ ಈ ಸಲ ಇದ್ದರು. ಅರ್ಜಿ ಓದಿ ಒಂದು ಕ್ಷಣ ನನ್ನ ಮುಖ ನೋಡಿದರು. "ಅಳತೆ ಜಾಸ್ತಿ ಇದೆ, ಕಡಿಮೆ ಮಾಡಿ ಅಂತ ಬರ್ತಾರೆ ಮೇಡಂ. ಜಾಸ್ತಿ ಬರ್ಕೊಳಿ ಅಂತ ಯಾರೂ ಬಂದಿರಲಿಲ್ಲ" ಎಂದರು. ಖಾತೆ ಬದಲಾವಣೆ ಬೇರೆ ಕೆಲಸ ಎಂದು ತಿಳಿಸಿಕೊಟ್ಟರು. ಅದಕ್ಕೆ ಅಪ್ಪನ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಅದೆಲ್ಲ ಆದ ಮೇಲೆ ಪಂಚಾಯ್ತಿಯ ಇ-ಸ್ವತ್ತು ತಂತ್ರಾಂಶದಲ್ಲಿ ಮನೆಯ ದಾಖಲೆಗಳಾದ ನಮೂನೆ 9, 11 ಸಿಗುತ್ತದೆ ಎಂದರು. ಅದು ಇನ್ನೂ ನಡೆಯುತ್ತಿದೆ, ಅದರ ಕಥೆಯೇ ಬೇರೆ. ಕಂದಾಯಕ್ಕೆ ಮಾತ್ರ ಅದನ್ನು ಕಾಯಬೇಕಾಗಿಲ್ಲ. ಮನೆ ಅಳೆದು ವರದಿ ಕೊಟ್ಟರೆ ಸಾಕು.

ಮಾರನೆಯ ದಿನ ಬೆಳಿಗ್ಗೆ ಬಿಲ್ ಕಲೆಕ್ಟರ್ ಟೇಪು ಹಿಡಿದು ಬಂದ. ಅಡಿಕೆ ಸುಗ್ಗಿ ಜೋರಾಗಿತ್ತು. ಅಂಗಳದ ತುಂಬ ಚಪ್ಪರ, ಮೇಲೆ ತಟ್ಟಿಗಳಲ್ಲಿ ಬೇಯಿಸಿದ ಅಡಿಕೆ. ಕೊಟ್ಟಿಗೆ ಪಕ್ಕ ಆರೇಳು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಹಂಡೆಯಿಂದ ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ ವಾಸನೆ. ನಾನು ಟೇಪಿನ ಒಂದು ತುದಿ ಹಿಡಿದೆ, ಅವನು ಇನ್ನೊಂದು. ಮುಂದಿನ ಗೋಡೆ ಆಯಿತು. ಪಕ್ಕದ ಗೋಡೆಗೆ ಬಂದಾಗ ಚಪ್ಪರದ ಕಂಬಗಳು ಅಡ್ಡ ಬಂದವು. ಟೇಪು ಒಂದು ಕಂಬ ಸುತ್ತಿ ಸೊಟ್ಟಗಾಗುತ್ತಿತ್ತು. ಅವನು ಸುಮಾರಿಗೆ ಬರೆದುಕೊಳ್ಳಲು ಹೊರಟ. "ಬೇಡ, ಸರಿಯಾಗಿ ಹಿಡಿಯಣ" ಎಂದೆ. ಇಬ್ಬರಿಂದ ಆಗುತ್ತಿರಲಿಲ್ಲ.

ತಮ್ಮ ಒಲೆ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದ. ಬೆಳಿಗ್ಗೆಯಿಂದ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಜಾಲರಿ ಸೌಟನ್ನು ಹಂಡೆಗೆ ಒರಗಿಸಿ ಬಂದ. ಚಪ್ಪರದ ಕೆಳಗೆ ಬಗ್ಗಿ ನುಗ್ಗಿ, ಟೇಪನ್ನು ಕಂಬದ ಒಳಗಡೆಯಿಂದ ಎಳೆದು, ಗೋಡೆಗೆ ಒತ್ತಿ ಹಿಡಿದ. "42" ಎಂದ. ಬಿಲ್ ಕಲೆಕ್ಟರ್ ಬರೆದುಕೊಂಡ. ಆಮೇಲೆ ಮಹಡಿಗೂ ಅವನೇ ಹತ್ತಿದ. ಬಾಡಿಗೆಯ ಎರಡು ಕೋಣೆಯನ್ನೂ ಅಳೆಸಿದ, ಮೆಟ್ಟಿಲ ಕೆಳಗಿನ ಸಣ್ಣ ಗೂಡನ್ನೂ ಬಿಡಲಿಲ್ಲ. ಅವನ ಬೆರಳಿನ ಚೊಗರಿನ ಕಪ್ಪು ಟೇಪಿನ ಮೇಲೆ ಅಲ್ಲಲ್ಲಿ ಅಂಟಿತ್ತು. ಬಿಲ್ ಕಲೆಕ್ಟರ್ ಅದನ್ನು ಒರೆಸಲು ನೋಡಿದ, ಹೋಗಲಿಲ್ಲ. ಚೊಗರು ಅಷ್ಟು ಸುಲಭಕ್ಕೆ ಹೋಗುವುದಲ್ಲ.

ಹೊಸ ಕಂದಾಯ ವರ್ಷಕ್ಕೆ 2,000. ಅದರ ಮೇಲೆ ಕರಗಳು ಸೇರಿ 2,680. ಅದು ಮುಂದಿನ ಏಪ್ರಿಲ್‌ನಿಂದ. ಹಿಂದಿನ ಹತ್ತು ವರ್ಷ ಮಹಡಿಗೆ ಕಟ್ಟದ್ದನ್ನು ಏನು ಮಾಡುವುದು ಎಂದು ಕೇಳಿದೆ. ಈಗ ಅದನ್ನು ಹಿಂದಕ್ಕೆ ಹೋಗಿ ಹಾಕಲು ಬರುವುದಿಲ್ಲ ಎಂದು ಪಿಡಿಒ ಹೇಳಿದರು. ಆ ಹತ್ತು ವರ್ಷ ನನ್ನ ಮನಸ್ಸಿನಲ್ಲಿ ಹಾಗೆಯೇ ಇದೆ.

ಹಳೆಯ ಬಾಕಿ 5,340ನ್ನು ಕಟ್ಟಲು ನಾನು ಪರ್ಸ್ ತೆಗೆದಾಗ ಅಮ್ಮ ತಡೆದರು. ಒಳಗೆ ಹೋಗಿ ಮೆಂತ್ಯದ ಡಬ್ಬಿಯಿಂದ ಎಂಟು ಐನೂರರ ನೋಟು ತಂದರು. ಗೃಹಲಕ್ಷ್ಮಿಯ ಎರಡು ಕಂತು. "ಅವರ ಮನೆ, ನನ್ನ ದುಡ್ಡು" ಎಂದರು. ಉಳಿದ 1,340 ತಮ್ಮ ಕೊಟ್ಟ. ಪುಕ್ಕಟೆ ದುಡ್ಡು ಎಂದು ನಾನು ಹಬ್ಬದ ರಾತ್ರಿ ಜಗುಲಿಯಲ್ಲಿ ಕೂಗಾಡಿದ್ದು ಅಮ್ಮನ ಕಿವಿಗೂ ಬಿದ್ದಿತ್ತು. ಆ ಬಗ್ಗೆ ಅವರು ಅವತ್ತೂ ಏನೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ. ನನಗೆ ಅಮ್ಮನ ಮುಖ ನೋಡಲು ಆಗಲಿಲ್ಲ.

ರಸೀದಿ ಕೈಗೆ ಬಂದಾಗ ಮೊದಲ ಸಲ ಅದನ್ನು ಪೂರ್ತಿ ಓದಿದೆ. ಮನೆ ಕಂದಾಯ ಒಂದು ಸಾಲು. ಅದರ ಕೆಳಗೆ ಶಿಕ್ಷಣ ಕರ, ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಕಂದಾಯದ ನೂರು ರೂಪಾಯಿಗೆ ಗ್ರಂಥಾಲಯಕ್ಕೆ ಆರು, ಭಿಕ್ಷುಕರ ಪುನರ್ವಸತಿಗೆ ಮೂರು. ಬ್ಯಾಂಕಿನಲ್ಲಿ ದಿನವಿಡೀ ಅಂಕಿ ನೋಡುವವಳು ನಾನು. ಅಪ್ಪನ ತಂತಿಯಲ್ಲಿ ಅಷ್ಟು ವರ್ಷ ಈ ಸಾಲುಗಳು ಇದ್ದವು, ಕಣ್ಣಿಗೆ ಬಿದ್ದಿರಲಿಲ್ಲ.

ಗ್ರಂಥಾಲಯ ಪಕ್ಕದಲ್ಲೇ ಇತ್ತು. ಈಗ ಅದಕ್ಕೆ 'ಅರಿವು ಕೇಂದ್ರ' ಎನ್ನುತ್ತಾರೆ. ಬಾಗಿಲು ತೆರೆದಿತ್ತು. ಮೇಲ್ವಿಚಾರಕಿ ನನ್ನ ವಯಸ್ಸಿನವರು, ಕುರ್ಚಿ ಒರೆಸಿ ಕೂರಿಸಿದರು. ಹಿಂದಿನ ಗೋಡೆಯಲ್ಲಿ ಮಳೆನೀರು ಇಳಿದು ಒಂದು ಕಪಾಟನ್ನು ಖಾಲಿ ಮಾಡಿದ್ದರು. ಒದ್ದೆಯಾದ ಪುಸ್ತಕಗಳನ್ನು ಅವರೇ ಮನೆಗೆ ಒಯ್ದು ಅಡಿಕೆ ಚಪ್ಪರದ ಮೇಲೆ ಒಣಗಿಸಿ ತಂದಿದ್ದರು. ಒಂದು ಮಕ್ಕಳ ಕಥೆಪುಸ್ತಕ ತೆಗೆದು ತೋರಿಸಿದರು. ಹಾಳೆಗಳು ಅಲೆ ಅಲೆಯಾಗಿ ಉಬ್ಬಿದ್ದವು, ಹೊಗೆ ವಾಸನೆ ಬರುತ್ತಿತ್ತು. "ಎರಡು ಹೆಂಚು ಬದಲಾಯಿಸಿದ್ರೆ ಸಾಕಿತ್ತು ಅಕ್ಕಾ. ಮೂರು ವರ್ಷದಿಂದ ಬರೆದು ಕೊಡ್ತಾನೇ ಇದೀನಿ" ಎಂದರು.

ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದು ಆ ಎರಡು ಹೆಂಚಿಗಾಗಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲೆ ಇರಬೇಕು. ಶುಲ್ಕ 10 ರೂಪಾಯಿ. ಮೊದಲು ಬರೆದದ್ದು ಎರಡು ಪುಟವಾಯಿತು. ಅದರಲ್ಲಿ ಸಿಟ್ಟಿತ್ತು, ಪ್ರಶ್ನೆ ಇರಲಿಲ್ಲ. ಮಗಳು ಓದಿ, "ಅಮ್ಮಾ, ನಿಂಗೆ ಗೊತ್ತಾಗಬೇಕಾಗಿರೋದು ಏನು?" ಎಂದು ಕೇಳಿದಳು. ನಾಲ್ಕು ಸಲ ಹರಿದು ಬರೆದ ಮೇಲೆ ಉಳಿದದ್ದು ಮೂರು ವಾಕ್ಯ. ಮೂರು ವರ್ಷದಲ್ಲಿ ಮನೆ ಕಂದಾಯದ ಬೇಡಿಕೆ ಎಷ್ಟು, ವಸೂಲಾದದ್ದು ಎಷ್ಟು. ಅದರಲ್ಲಿ ಗ್ರಂಥಾಲಯ ಕರ ಎಷ್ಟು. ಆ ದುಡ್ಡು ಯಾವುದಕ್ಕೆ ಖರ್ಚಾಯಿತು.

ಉತ್ತರ ಕೊಡಲು ಕಾಯ್ದೆಯಲ್ಲಿ 30 ದಿನ ಇದೆ. 27ನೇ ದಿನ ಬಂತು. ಹದಿನಾಲ್ಕು ಪುಟ, ಪುಟಕ್ಕೆ 2 ರೂಪಾಯಿಯಂತೆ 28 ರೂಪಾಯಿ ಕಟ್ಟಿದೆ. ವಸೂಲಾತಿ ಅರ್ಧಕ್ಕಿಂತ ಕಡಿಮೆ. ಬಾಕಿದಾರರ ಪಟ್ಟಿಯೂ ಜೊತೆಯಲ್ಲಿತ್ತು. ನನಗೆ ಬುದ್ಧಿ ಹೇಳಿದ ಆ ಇಬ್ಬರ ಹೆಸರೂ ಅದರಲ್ಲಿದ್ದವು, ಒಂದೇ ಹಾಳೆಯಲ್ಲಿ. ಗ್ರಂಥಾಲಯ ಕರದ ಖರ್ಚಿನ ಕಾಲಂನಲ್ಲಿ ದಿನಪತ್ರಿಕೆಯ ಬಿಲ್ಲು ಬಿಟ್ಟರೆ ಏನೂ ಇರಲಿಲ್ಲ.

ಆ ಹೊತ್ತಿಗೆ 2025ರ ಬಜೆಟ್ ಬಂತು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಾಯಿತು. ಬ್ಯಾಂಕಿನಲ್ಲಿ ಸಿಹಿ ಹಂಚಿದರು. ನನಗೂ ಖುಷಿಯಾಯಿತು, ಯಾಕೆ ಆಗಬಾರದು? ಆದರೆ ಅವತ್ತು ಸಂಜೆ ಒಂದು ಯೋಚನೆ ಬಂತು. ಮುಂದಿನ ವರ್ಷದಿಂದ ನನ್ನ ಆದಾಯ ತೆರಿಗೆ ಸೊನ್ನೆ. ಹಾಗಾದರೆ "ತೆರಿಗೆ ಕಟ್ಟೋರು ನಾವು" ಎಂಬ ನನ್ನ ಮಾತು ಏನಾಗುತ್ತದೆ? ನಮ್ಮ ಮನೆಯಲ್ಲಿ ಅಡಿಕೆ ಸುಲಿಯಲು ಬರುವ ಹೆಂಗಸು ಸಂಜೆ ಕೈಯ ಚೊಗರು ತೊಳೆಯಲು ಕೊಳ್ಳುವ ಸೋಪಿಗೆ ಆಗ ನೂರಕ್ಕೆ 18 ಜಿಎಸ್‌ಟಿ ಇತ್ತು. ನಾನು ಕೊಳ್ಳುವ ಸೋಪಿಗೂ ಅಷ್ಟೇ. ಅವಳೂ ಕಟ್ಟುತ್ತಲೇ ಬಂದಿದ್ದಾಳೆ. ತೆರಿಗೆ ಕಟ್ಟಿದ್ದಕ್ಕೆ ಅವಳಿಗೆ ನನ್ನ ಹಾಗೆ ಫಾರಂ 16 ಎಂಬ ಪತ್ರ ಕೊಡುವವರು ಇರಲಿಲ್ಲ, ಅಷ್ಟೇ. ಅವಳನ್ನು ಬಿಟ್ಟು ನಾನು 'ನಾವು' ಎಂದು ಹೇಳುತ್ತಿದ್ದೆ. ಅದು ತಪ್ಪು ಎಂದು ಈಗ ನನಗೆ ಸ್ಪಷ್ಟವಾಗಿದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮತದಾರರಲ್ಲಿ ಹತ್ತರಲ್ಲಿ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು, ಅದಕ್ಕೇ ಕೋರಂ ಎನ್ನುವುದು. ಮಾರ್ಚ್‌ನ ಸಭೆಗೆ ನಾನು ಹೋದಾಗ ಮೂವತ್ತು ಜನವೂ ಇರಲಿಲ್ಲ. ಮುಂದೂಡಿದರು. ಶಾಸಕರು, ಸಂಸದರು ಬಂದರೆ ಊರಿಗೆ ಊರೇ ಸೇರುತ್ತದೆ. ನಮ್ಮ ಕಂದಾಯದ ಲೆಕ್ಕ ಓದುವ ಸಭೆಗೆ ನೂರು ಜನ ಇಲ್ಲ. ಖಾಲಿ ಕುರ್ಚಿಗಳನ್ನು ನೋಡಿ ನನಗೆ ಅಳು ಬಂದ ಹಾಗಾಯಿತು. ನನ್ನ ವೋಟು ಈಗ ಶಿವಮೊಗ್ಗದಲ್ಲಿದೆ. ಇಲ್ಲಿ ನಾನು ಬರೀ ನೋಡುವವಳು, ಕೋರಂಗೂ ಲೆಕ್ಕಕ್ಕಿಲ್ಲ. ವೋಟು ಇದ್ದದ್ದು ಅಮ್ಮನಿಗೆ, ತಮ್ಮನಿಗೆ, ತಮ್ಮನ ಹೆಂಡತಿಗೆ.

ಮುಂದೂಡಿದ ಸಭೆಗೆ ಅಮ್ಮನೇ ಹೊರಟರು. ಸುಲಿಯಲು ಬರುವ ಹೆಂಗಸರನ್ನೂ ಕರೆದುಕೊಂಡು ಬಂದರು. ಜನ ಸಾಕಾಯಿತು. ಶುರುವಿಗೇ ಆ ಪಕ್ಷದವರು ಈ ಪಕ್ಷದವರಿಗೆ, ಕೇಂದ್ರದ ದುಡ್ಡೋ ರಾಜ್ಯದ ದುಡ್ಡೋ ಎಂದು ಮುಕ್ಕಾಲು ಗಂಟೆ ಕೂಗಾಡಿದರು. ನೋಡಲ್ ಅಧಿಕಾರಿ ಎರಡು ಸಲ ಎದ್ದು ನಿಂತು ಕೂತರು. ಕೂಗಾಟ ಕಡಿಮೆಯಾದಾಗ ಅಮ್ಮ ನನ್ನ ಕೈಯಿಂದ ಹಾಳೆ ತಗೊಂಡು ಎದ್ದರು. ಅವರು ಸಭೆಯಲ್ಲಿ ಮಾತಾಡಿದ್ದು ನಾನು ನೋಡಿದ್ದು ಅದೇ ಮೊದಲು. ಧ್ವನಿ ನಡುಗುತ್ತಿತ್ತು.

"ನಾನು ಎಂಟು ವರ್ಷದ ಕಂದಾಯ ಕಟ್ಟಿದೀನಿ. ಇದರಲ್ಲಿ ಗ್ರಂಥಾಲಯದ್ದು ಅಂತ ಬರೆದಿದೆ. ಆ ದುಡ್ಡಲ್ಲಿ ಎರಡು ಹೆಂಚು ಹಾಕ್ಸಿ ಕೊಡಿ. ಹಾಕ್ಸಲ್ಲ ಅಂದ್ರೆ ಯಾಕೆ ಅಂತ ಬರ್ಕೊಳಿ."

ಆಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಅಧ್ಯಕ್ಷೆ ಪಿಡಿಒ ಮುಖ ನೋಡಿದರು. ಪಿಡಿಒ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿ ಎಂದು ತಮ್ಮ ಹಿಂದಿನ ಸಾಲಿನಿಂದ ಕೇಳಿದ. ಅವರು ಓದಿದರು.

ಮಳೆಗಾಲ ಹಿಡಿಯುವ ಮೊದಲು ಹೆಂಚು ಹಾಕಿದರು. ಎರಡಲ್ಲ, ಹನ್ನೊಂದು ಬೇಕಾಯಿತು, ಹೆಂಚಿನ ಕೆಳಗಿನ ಮರದ ಒಂದು ಪಕಾಸಿಯೂ ಕೊಳೆತಿತ್ತಂತೆ. ಕಪಾಟಿಗೆ ಪುಸ್ತಕ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ. ನಮ್ಮ ಮನೆ ದಾರಿ ಹಾಗೆಯೇ ಇದೆ, ಕರೆಂಟು ಆ ಮಳೆಗಾಲದಲ್ಲೂ ಹೋಯಿತು. ಏಪ್ರಿಲ್‌ನಲ್ಲಿ ತಮ್ಮನೇ ಹೋಗಿ ಹೊಸ ಕಂದಾಯ 2,680 ಕಟ್ಟಿ ಬಂದ. ಎರಡೂ ರಸೀದಿಯನ್ನು ಅಮ್ಮ ಅಪ್ಪನ ತಂತಿಗೆ ಚುಚ್ಚಿದ್ದಾರೆ.

ಆಮೇಲೆ ಒಂದು ದಿನ ತಮ್ಮ ಫೋನ್ ಮಾಡಿದ್ದ. ಮುಂದಿನ ಗ್ರಾಮಸಭೆಯ ನೋಟಿಸ್ ಬಂದಿತ್ತಂತೆ. ಕೇಂದ್ರದಿಂದ ಪಂಚಾಯ್ತಿಗೆ ಬಂದ ಹದಿನೈದನೇ ಹಣಕಾಸು ಆಯೋಗದ ದುಡ್ಡಿನ ಜಮಾ ಖರ್ಚಿನ ಹಾಳೆಯನ್ನು ಪಿಡಿಒ ಹತ್ತಿರ ಮೊದಲೇ ಇಸಕೊಂಡಿದ್ದ.

"ಇದರಲ್ಲಿ ನಿರ್ಬಂಧಿತ, ಅನಿರ್ಬಂಧಿತ ಅಂತ ಎರಡು ಕಾಲಂ ಇದೆ ಅಕ್ಕಾ. ಎಂತದು ಅದು?"

"ನಿರ್ಬಂಧಿತ ಅಂದ್ರೆ ನೀರು, ನೈರ್ಮಲ್ಯಕ್ಕೇ ಖರ್ಚು ಮಾಡಬೇಕಾದ ದುಡ್ಡು. ನೂರಕ್ಕೆ ಅರವತ್ತು. ಉಳಿದ ನಲವತ್ತು ಊರಿಗೆ ಏನು ಬೇಕೋ ಅದಕ್ಕೆ."

"ಹಂಗಾದ್ರೆ ದಾರಿ ವಿಷಯ ಆ ನಲವತ್ತರಲ್ಲಿ ಕೇಳಬೇಕು."

"ಹೌದು."

"ತಡಿ, ಪೆನ್ನು ತಗೊಳ್ತೀನಿ" ಎಂದ. ಫೋನನ್ನು ಜಗುಲಿ ಮೇಲೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ಅವನು ಒಳಗೆ ಅಮ್ಮನ ಹತ್ತಿರ ಪೆನ್ನು ಎಲ್ಲಿದೆ ಎಂದು ಕೇಳುವುದು ಕೇಳಿಸಿತು.